ಎಂಬತ್ತನಾಲ್ಕರ ನಂತರದ ಹನ್ನೆರಡು

ದೀಪ ಆರಿಸಿದರೂ ಪರವಾಗಿಲ್ಲ. ಬಾಗಿಲು ಮಾತ್ರ ಸ್ವಲ್ಪ ಮುಂದೆ ಮಾಡಿ... ಹಾಂ, ಅಷ್ಟು ಸಾಕು.

ಇದು ಅವರಿವರ ಬಾಯಿಂದ ದಾಟಿ ಬಂದದ್ದಲ್ಲ. ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು. ನಾನು ಅಕ್ಕ ಅಂತ ಕರೆಯುವುದು, ನೀವೂ ಅಕ್ಕ ಅಂತಲೇ ಇಟ್ಟುಕೊಳ್ಳಿ. ದೆವ್ವ ಅಂದರೆ ನಗುವ ಜೀವ ಅದು. ಚಿಕ್ಕವರಿದ್ದಾಗ ಹೊದಿಕೆ ಮುಸುಕು ಹಾಕಿಕೊಂಡು ನಮ್ಮನ್ನೆಲ್ಲ ಹೆದರಿಸಿ, ಆಮೇಲೆ ತಾನೇ ಸಮಾಧಾನ ಮಾಡುತ್ತಿದ್ದವಳು.

ಅವತ್ತು ಬುಧವಾರ. ಅಕ್ಕ ಲ್ಯಾಬಿನಿಂದ ಹೊರಟಾಗ ಸಂಜೆ ಏಳೂವರೆ. ಚಳಿಗಾಲ, ಆಗಲೇ ಕತ್ತಲು ಗಟ್ಟಿಯಾಗಿತ್ತು. ಮುಂದಿನ ಗೇಟಿನಿಂದ ಹೋದರೆ ಮನೆಗೆ ಸುತ್ತು. ಹಿಂದಿನ ಗೇಟು ಹತ್ತಿರ, ಆದರೆ ಆ ದಾರಿಯಲ್ಲಿ ಒಂದು ಹಳೆಯ ಬಾವಿ. ನೀರು ಸೇದುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು. ಬಾಯಿಗೆ ಕಬ್ಬಿಣದ ಜಾಲರಿ, ಜಾಲರಿಗೆ ತುಕ್ಕು ಹಿಡಿದ ಬೀಗ. ಅಕ್ಕ ದಿನಾ ಅದರ ಪಕ್ಕದಲ್ಲೇ ಹೋಗುತ್ತಿದ್ದಳು, ಒಂದು ದಿನವೂ ಅತ್ತ ತಿರುಗಿ ನೋಡಿದವಳಲ್ಲ.

ಕಾಲಡಿಯಲ್ಲಿ ಜಲ್ಲಿ. ಸರಕ್... ಸರಕ್... ಸರಕ್...

ಬಾವಿ ಇನ್ನು ಹತ್ತು ಹೆಜ್ಜೆ ಇದೆ ಅನ್ನುವಾಗ ಒಳಗಿಂದ ಒಂದು ಸದ್ದು.

ಟಿಕ್. ಟಿಕ್. ಟಿಕ್. ಟಿಕ್... ಪೀಪ್.

ಅಕ್ಕ ನಿಂತಳು. ಸದ್ದೂ ನಿಂತಿತು.

ಕಿವಿಯಲ್ಲೇ ಉಳಿದುಬಿಟ್ಟಿರಬೇಕು ಅಂದುಕೊಂಡಳು. ಹಾಗೆ ಅಂದುಕೊಳ್ಳುವುದಕ್ಕೆ ಕಾರಣವೂ ಇತ್ತು. ಬೆಳಗಿನಿಂದ ಅವಳು ಕೇಳಿದ್ದೇ ಆ ಸದ್ದು.

ಅವಳ ಕೆಲಸ ಏನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅದು ವಿಪರೀತ ಚಳಿಯಲ್ಲಿ ವಸ್ತುಗಳು ಹೇಗಿರುತ್ತವೆ ಅಂತ ನೋಡುವ ಲ್ಯಾಬು. ಚಳಿ ಅಂದರೆ ನಮ್ಮ ನಿಮ್ಮ ಸ್ವೆಟರಿನ ಚಳಿಯಲ್ಲ, ಸೊನ್ನೆಗಿಂತ ನೂರ ತೊಂಬತ್ತಾರು ಡಿಗ್ರಿ ಕೆಳಗಿನದು. ದ್ರವ ಮಾಡಿದ ನೈಟ್ರೋಜನ್ ಅನ್ನು ದೊಡ್ಡ ಟ್ಯಾಂಕಿಗೆ ತುಂಬಿಸಿಡುತ್ತಾರೆ. ಟ್ಯಾಂಕಿನ ತಳದಲ್ಲಿ ಅಕ್ಕಿಕಾಳಿನಷ್ಟು ಒಂದು ಸೆನ್ಸರ್. ಅದಕ್ಕೆ ಡಿಗ್ರಿ ಗಿಗ್ರಿ ಗೊತ್ತಿಲ್ಲ, ಕರೆಂಟಿಗೆ ಎಷ್ಟು ಅಡ್ಡಿ ಅನ್ನುವ ಓಮ್ ಲೆಕ್ಕ ಮಾತ್ರ ಕೊಡುತ್ತೆ. ಇಷ್ಟು ಓಮ್ ಅಂದರೆ ಇಷ್ಟು ಡಿಗ್ರಿ ಅಂತ ಮೀಟರಿಗೆ ನಾವು ಹೇಳಿಕೊಡಬೇಕು. ಪ್ರತಿ ಸೆನ್ಸರಿನ ಜೊತೆಗೂ ಅದರದೇ ಒಂದು ಕಾಗದ ಬರುತ್ತೆ, ಅದರಲ್ಲಿ ಇನ್ನೂರು ಸಾಲು. ಕರ್ವ್ ಅನ್ನುತ್ತಾರೆ ಅದಕ್ಕೆ. ಒಂದು ಸೆನ್ಸರಿನ ಕರ್ವ್ ಇನ್ನೊಂದಕ್ಕೆ ಹಾಕಿದರೆ, ಒಬ್ಬರ ಕನ್ನಡಕ ಇನ್ನೊಬ್ಬರಿಗೆ ತೊಡಿಸಿದ ಹಾಗೆ. ಕಾಣುತ್ತೆ, ಆದರೆ ತಪ್ಪು ಕಾಣುತ್ತೆ.

ಮೀಟರ್ ಹೊಸದು. ಕಂಪ್ಯೂಟರಿನಿಂದ ಒಂದೇ ಏಟಿಗೆ ಸುರಿಯುವ ಅನುಕೂಲವೇನೋ ಇತ್ತಂತೆ, ಆ ಕೇಬಲ್ ಇನ್ನೂ ಬಂದಿರಲಿಲ್ಲ. ಹಾಗಾಗಿ ಕೈಯಲ್ಲೇ ಒತ್ತಬೇಕು. ಅಂಕಿಗೆ ಒಂದೊಂದು ಟಿಕ್, ಸಾಲು ಮುಗಿದು ಒಪ್ಪಿಸಿದರೆ ಪೀಪ್. ಬೇರೆ ಕೆಲಸಗಳ ನಡುವೆ, ಒಂದೊಂದನ್ನೂ ಎರಡು ಸಲ ನೋಡಿಕೊಂಡು, ಅವತ್ತು ಅಕ್ಕ ಎಂಬತ್ತನಾಲ್ಕು ಸಾಲು ಮುಗಿಸಿದ್ದಳು. ಮೀಟರ್ ಪರದೆಯ ಮೇಲೆ ‘ಮುಂದಿನ ಪಾಯಿಂಟ್: 85’ ಅಂತ ಬಿಟ್ಟು, ಬೀಗ ಹಾಕಿ ಬಂದಿದ್ದಳು.

ಬಾವಿಯ ಹತ್ತಿರ ನಿಂತೇ ಇದ್ದಳು. ಏನೂ ಇಲ್ಲ. ಹೆಜ್ಜೆ ಇಟ್ಟಳು.

ಟಿಕ್. ಟಿಕ್. ಟಿಕ್... ಪೀಪ್.

ಈ ಸಲ ನಿಲ್ಲಲಿಲ್ಲ. ಗೇಟು ದಾಟಿ, ರಸ್ತೆಯ ದೀಪದ ಬೆಳಕಿಗೆ ಬಂದಮೇಲೆಯೇ ಉಸಿರು ಬಿಟ್ಟದ್ದು. ತನ್ನನ್ನು ತಾನೇ ಬೈದುಕೊಂಡಳಂತೆ. ಕಪ್ಪೆಯೋ ಹುಳವೋ ಕೂಗಿದ್ದಕ್ಕೆ ಓಡಿಬಂದೆಯಲ್ಲೇ, ನಾಚಿಕೆಯಾಗಬೇಕು, ಅಂತ.

ಮರುದಿನ ಬೆಳಿಗ್ಗೆ ಬೀಗ ತೆಗೆದು ಮೀಟರ್ ಮುಂದೆ ಕೂತಳು. ಕಾಗದ ಹರವಿದಳು, ಎಂಬತ್ತೈದನೇ ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟಳು. ಪರದೆ ನೋಡಿದಳು.

ಮುಂದಿನ ಪಾಯಿಂಟ್: 97.

ಹನ್ನೆರಡು ಸಾಲು ಹೆಚ್ಚಿಗೆ ಇದ್ದವು. ಯಾರೋ ಒತ್ತಿದ್ದಾರೆ. ಹಿಂದಕ್ಕೆ ಹೋಗಿ ಒಂದೊಂದಾಗಿ ನೋಡಿದಳು. ಎಂಬತ್ತೈದರಿಂದ ತೊಂಬತ್ತಾರರವರೆಗೆ ಒಂದಂಕಿಯೂ ಕಾಗದಕ್ಕೆ ಹೊಂದುತ್ತಿರಲಿಲ್ಲ. ಹಾಗಂತ ಅಡ್ಡಾದಿಡ್ಡಿ ಒತ್ತಿದ್ದೂ ಅಲ್ಲ. ಅಂಕಿಗಳು ಅಚ್ಚುಕಟ್ಟಾಗಿ ಇಳಿಯುತ್ತಾ ಹೋಗಿದ್ದವು, ದಶಮಾಂಶದ ನಂತರ ನಾಲ್ಕು ಸ್ಥಾನ, ಒಂದೂ ಬಿಟ್ಟಿಲ್ಲ. ಅಕ್ಕ ಆ ಹನ್ನೆರಡನ್ನೂ ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಮೀಟರಿನಿಂದ ಅಳಿಸಿಹಾಕಿದಳು.

ಆ ಕೋಣೆಗೆ ಇದ್ದದ್ದು ಎರಡೇ ಬೀಗದಕೈ. ಒಂದು ಅವಳ ಹತ್ತಿರ, ಇನ್ನೊಂದು ಸ್ಟೋರಿನಲ್ಲಿ. ಸ್ಟೋರ್ ನೋಡಿಕೊಳ್ಳುತ್ತಿದ್ದವರು ವಯಸ್ಸಾದ ಮನುಷ್ಯ, ಕೆಲಸ ಮುಗಿಯಲು ಇನ್ನು ಕೆಲವೇ ತಿಂಗಳು. ಎಲ್ಲರೂ ಅವರನ್ನು ಸ್ಟೋರ್ ಮಾಮ ಅನ್ನುತ್ತಿದ್ದರು. ಸ್ಕ್ರೂ ಕೇಳಿದರೂ ‘ಯಾವ ಸಂಸಾರಕ್ಕಮ್ಮ?’ ಅಂತ ಕೇಳಿ ಕೊಡುವವರು.

“ಮಾಮ, ನಿನ್ನೆ ಸಂಜೆ ನಾನು ಹೋದ್ಮೇಲೆ ಯಾರಾದ್ರೂ ನಮ್ಮ ರೂಮಿನ ಬೀಗದಕೈ ಇಸ್ಕೊಂಡ್ರಾ?”

“ಇಲ್ಲವಲ್ಲಮ್ಮ. ಮೊಳೆಯಲ್ಲೇ ನೇತಾಡ್ತಿದೆ ನೋಡು. ಯಾಕೆ?”

“ಮೀಟರಲ್ಲಿ ನಾನು ಹಾಕಿದ್ದಕ್ಕಿಂತ ಹನ್ನೆರಡು ಪಾಯಿಂಟ್ ಜಾಸ್ತಿ ಇತ್ತು.”

ಮಾಮನ ಪೆನ್ನು ನಿಂತಿತು. ತಲೆ ಎತ್ತದೆಯೇ ಕೇಳಿದರು. “ನೀನು ಎಲ್ಲಿಗೆ ನಿಲ್ಲಿಸಿದ್ದೆ?”

“ಎಂಬತ್ತನಾಲ್ಕಕ್ಕೆ.”

ಮಾಮ ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ ದನಿ ತಗ್ಗಿಸಿದರು. “ಅವನೂ ಮೊದಲ ದಿನ ಎಂಬತ್ತನಾಲ್ಕಕ್ಕೇ ನಿಲ್ಲಿಸಿದ್ದ.”

“ಯಾರು?”

“ನಿನ್ನ ಕುರ್ಚಿಯಲ್ಲಿ ನಿನಗಿಂತ ಮುಂಚೆ ಕೂತಿದ್ದವನು.”

ಅವರನ್ನು ಲ್ಯಾಬಿನಲ್ಲಿ ದಶಮಾಂಶ ಅಂತ ಕರೆಯುತ್ತಿದ್ದರಂತೆ. ಅಷ್ಟು ಖಚಿತ ಮನುಷ್ಯ. ಮಕ್ಕಳೆಷ್ಟು ಅಂತ ಯಾರಾದರೂ ಕೇಳಿದರೆ ‘ಎರಡು ಪಾಯಿಂಟ್ ಸೊನ್ನೆ’ ಅನ್ನುತ್ತಾರೆ ಅಂತ ಹಿಂದಿನಿಂದ ನಗುತ್ತಿದ್ದರು. ಎರಡು ವರ್ಷದ ಹಿಂದೆ, ಇದೇ ಟ್ಯಾಂಕು, ಇದೇ ಸೆನ್ಸರ್. ಟ್ಯಾಂಕು ಇರುವುದು ಕಟ್ಟಡದ ಕೆಳಗಿನ ಸಣ್ಣ ಕೋಣೆಯಲ್ಲಿ, ಎಂಟು ಮೆಟ್ಟಿಲು ಇಳಿಯಬೇಕು. ಕಿಟಕಿಯಿಲ್ಲ. ಮೀಟರ್ ‘ಇಪ್ಪತ್ತು ಡಿಗ್ರಿ’ ಅಂತ ತೋರಿಸಿತು. ಇಪ್ಪತ್ತು ಅಂದರೆ ಕೋಣೆಯ ಬಿಸಿ, ಅಂದರೆ ದ್ರವವೆಲ್ಲ ಆರಿಹೋಗಿ ಟ್ಯಾಂಕು ಖಾಲಿ. ಅದನ್ನು ನಂಬಿ ದಶಮಾಂಶ ಇಳಿದು ಮುಚ್ಚಳ ಬಿಚ್ಚಿದರು. ಟ್ಯಾಂಕು ಖಾಲಿ ಇರಲಿಲ್ಲ. ನೈಟ್ರೋಜನ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರು ಕಟ್ಟುತ್ತಿದೆ ಅಂತ ಅನ್ನಿಸುವುದೂ ಇಲ್ಲವಂತೆ. ಕೋಣೆ ತುಂಬಿತು ಅಂದರೆ ಎರಡು ಉಸಿರು ಸಾಕು... ಮೂರನೆಯದಕ್ಕೆ ಮನುಷ್ಯ ನೆಲದ ಮೇಲೆ.

“ವಿಚಾರಣೆ ಮಾಡಿದ್ರು,” ಅಂದರು ಮಾಮ. “ಕರ್ವ್ ಹಾಕುವಾಗ ಅವನೇ ತಪ್ಪು ಅಂಕಿ ಒತ್ತಿದ್ದಾನೆ ಅಂತ ಬರೆದು ಕೈ ತೊಳ್ಕೊಂಡ್ರು. ಸತ್ತವನು ಎದ್ದು ಬಂದು ಇಲ್ಲ ಅಂತಾನಾ?”

ಅಕ್ಕ ‘ಹೊಸ ಮೀಟರು, ಅದರದೇ ಏನೋ ರೋಗ’ ಅಂತ ಗೊಣಗಿಕೊಂಡು ಹೋಗಿ ಕೂತಳು. ಗುರುವಾರ ಸಂಜೆಯ ಹೊತ್ತಿಗೆ ನೂರೈವತ್ತು ಸಾಲು. ಹೋಗುವಾಗ ಮುಂದಿನ ಗೇಟಿನಿಂದಲೇ ಹೋದಳು, ಸುತ್ತಾದರೂ ಸರಿ.

ಮನೆಯಲ್ಲಿ ಅವಳು ಮತ್ತು ದೊಡ್ಡಮ್ಮ ಇಬ್ಬರೇ. ಊಟಕ್ಕೆ ಕೂತಿದ್ದರು. ದೊಡ್ಡಮ್ಮ ಬಡಿಸುತ್ತಿದ್ದವರು ಸೌಟು ಹಾಗೇ ಹಿಡಿದು ನಿಂತರು.

“ಏನೇ ಅದು? ಯಾರೋ ಕ್ಯಾಲ್ಕುಲೇಟರ್ ಒತ್ತಿದ ಹಾಗೆ...”

ಅಕ್ಕನಿಗೂ ಕೇಳಿಸುತ್ತಿತ್ತು. ಊಟದ ಕೋಣೆಯ ಗೋಡೆಯ ಆಚೆಯಿಂದ ಬರುತ್ತಿತ್ತು. ಆಚೆ ಯಾವ ಕೋಣೆಯೂ ಇಲ್ಲ, ಬರೀ ಓಣಿ.

ಟಿಕ್. ಟಿಕ್. ಟಿಕ್. ಟಿಕ್. ಟಿಕ್... ಪೀಪ್.

“ನಿನ್ನ ಫೋನಾ?” ಅಂದರು ದೊಡ್ಡಮ್ಮ, ಪಿಸುದನಿಯಲ್ಲಿ.

“ಅಲ್ಲಮ್ಮ.”

“ಮತ್ತೆ?”

“ಊಟ ಮಾಡು.”

ದೊಡ್ಡಮ್ಮ ಎದ್ದು ಹೋಗಿ ಓಣಿ ನೋಡಿ ಬಂದರು. ಒಂದು ಬೆಕ್ಕು ಕೂಡ ಇರಲಿಲ್ಲವಂತೆ. ಅರ್ಧ ಗಂಟೆ ಅದು ನಿಲ್ಲಲಿಲ್ಲ. ತಾಯಿ ಮಗಳು ಇಬ್ಬರೂ ತಟ್ಟೆ ಮುಂದೆ ಇಟ್ಟುಕೊಂಡು, ಅನ್ನ ಆರಿ ಗಟ್ಟಿಯಾಗುವವರೆಗೆ, ಸುಮ್ಮನೆ ಕೂತಿದ್ದರು. ಇದನ್ನು ಅಕ್ಕ ಹೇಳಿದ್ದಲ್ಲ ಮತ್ತೆ. ದೊಡ್ಡಮ್ಮನೇ ನನಗೆ ಹೇಳಿದ್ದು, ಬೇರೆಯಾಗಿ ಕೂರಿಸಿಕೊಂಡು.

ಶುಕ್ರವಾರ ಬೆಳಿಗ್ಗೆ ಪರದೆಯ ಮೇಲೆ ‘ಮುಂದಿನ ಪಾಯಿಂಟ್: 151’ ಅಂತಲೇ ಇತ್ತು. ಅಕ್ಕನಿಗೆ ಜೀವ ಬಂದ ಹಾಗಾಯಿತು. ಆದರೂ ಇರಲಿ ಅಂತ ಹಿಂದಕ್ಕೆ ಹೋಗಿ ಮೊದಲನೆಯದನ್ನು ನೋಡಿದಳು.

ಅದು ಅವಳು ಒತ್ತಿದ್ದಲ್ಲ. ಎರಡನೆಯದೂ ಅಲ್ಲ. ಹತ್ತನೆಯದೂ ಅಲ್ಲ. ನೂರೈವತ್ತಕ್ಕೆ ನೂರೈವತ್ತೂ ಬದಲಾಗಿದ್ದವು. ನೋಟ್‌ಬುಕ್ ತೆಗೆದು ಎಂಬತ್ತೈದರಿಂದ ಹೋಲಿಸಿದಳು... ಹಿಂದಿನ ದಿನ ಅವಳೇ ಅಳಿಸಿದ್ದ ಅದೇ ಹನ್ನೆರಡು ಸಾಲು ಅದೇ ಜಾಗದಲ್ಲಿ ಬಂದು ಕೂತಿದ್ದವು. ಒಂದಂಕಿಯೂ ಆಚೀಚೆ ಇಲ್ಲ.

ಸೀದಾ ಲ್ಯಾಬಿನ ಮುಖ್ಯಸ್ಥರ ಹತ್ತಿರ ಹೋದಳು. ದೊಡ್ಡ ಸಾರ್ ಅಂತ ಅವರನ್ನು ಕರೆಯುತ್ತಿದ್ದದ್ದು. ಕೆಟ್ಟವರೇನಲ್ಲ, ಆದರೆ ಯಾವಾಗಲೂ ಇನ್ನೊಂದು ಮೀಟಿಂಗಿಗೆ ತಡವಾಗಿರುವವರು.

“ಸಾರ್, ಮೀಟರ್ ಸರಿಯಿಲ್ಲ. ಹಾಕಿದ ಅಂಕಿ ತಾನಾಗೇ ಬದಲಾಗ್ತಿದೆ.”

“ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರಾ?”

“ಮಾಡಿದೆ ಸಾರ್.”

“ಹಾಗಾದ್ರೆ ಮೊದಲಿಂದ ಹಾಕಿ. ಇವತ್ತು ಮುಗೀಬೇಕು. ಟ್ಯಾಂಕಿನ ಸೀಲು ಸವೆದಿದೆ, ನಾಳೆ ಹತ್ತಕ್ಕೆ ಮುಚ್ಚಳ ತೆಗೆದು ಬದಲಾಯಿಸ್ಬೇಕು. ಎರಡು ವರ್ಷ ಮುಚ್ಚಿಟ್ಟಿದ್ದು, ಮತ್ತೆ ತುಂಬಿಸಿ ತಿಂಗಳಾಯ್ತು, ಇಷ್ಟೊತ್ತಿಗೆ ಆರಿ ಖಾಲಿಯಾಗಿರುತ್ತೆ. ಮೀಟರಲ್ಲಿ ಒಂದು ಸಲ ಖಾತ್ರಿ ಮಾಡ್ಕೊಂಡು ನೀವೇ ಇಳಿದುಬಿಡಿ.”

ನೀವೇ ಇಳಿದುಬಿಡಿ. ಎಷ್ಟು ಸಲೀಸಾಗಿ ಅಂದರು ನೋಡಿ.

ಅಕ್ಕ ಎಲ್ಲವನ್ನೂ ಅಳಿಸಿದಳು. ಬೆಳಿಗ್ಗೆ ಹತ್ತರಿಂದ ಕೂತವಳು ನೀರು ಕುಡಿಯಲಿಕ್ಕೆ ಬಿಟ್ಟರೆ ಏಳಲಿಲ್ಲ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಒಂದೊಂದು ಅಂಕಿಯನ್ನೂ ಕಾಗದದ ಮೇಲೆ ಬೆರಳಿಟ್ಟು ಓದಿ, ಒತ್ತಿ, ತಿರುಗಿ ಓದಿದಳು. ಸಂಜೆ ಏಳಕ್ಕೆ ಇನ್ನೂರನೇ ಸಾಲು. ಪೀಪ್. ಆ ಕರ್ವನ್ನು ಟ್ಯಾಂಕಿನ ಸೆನ್ಸರಿಗೆ ಜೋಡಿಸಿದಳು. ಮೂರು ದಿನದಿಂದ ಬರೀ ‘128 ಓಮ್’ ಅಂತ ತೋರಿಸುತ್ತಿದ್ದ ಪರದೆ ಒಂದು ಸಲ ಮಿನುಗಿತು.

20.4 ಡಿಗ್ರಿ.

ಟ್ಯಾಂಕು ಖಾಲಿ. ದೊಡ್ಡ ಸಾರ್ ಹೇಳಿದ್ದೇ ಸರಿ. ಅಕ್ಕನಿಗೆ ಒಂಥರಾ ನಿರಾಳವಾಯಿತು. ದಾಖಲೆ ಪುಸ್ತಕ ಎಳೆದುಕೊಂಡಳು. ‘ನಮೂದಿಸಿದವರು’ ಅನ್ನುವಲ್ಲಿ ಸಹಿ ಹಾಕಿದಳು. ಪಕ್ಕದಲ್ಲಿ ಇನ್ನೊಂದು ಮನೆ ಇತ್ತು, ‘ಕಾಗದ ಮತ್ತು ಸೆನ್ಸರ್ ತಾಳೆ ನೋಡಿದವರು’ ಅಂತ. ಅಲ್ಲಿಗೆ ಪೆನ್ನು ತಂದಳು.

ಟಿಕ್.

ಪೆನ್ನು ಹಿಡಿದ ಕೈ ಅಲ್ಲೇ ನಿಂತಿತು.

ಮೀಟರಿನ ಮೇಲೆ ರಬ್ಬರಿನ ಗುಂಡಿಗಳು. ಅವಳು ನೋಡುತ್ತಿದ್ದಂತೆಯೇ ಐದರ ಗುಂಡಿ ಒಳಕ್ಕೆ ಹೋಯಿತು. ಮೆಲ್ಲಗೆ, ಒತ್ತಿದ ಹಾಗೆ. ಆಮೇಲೆ ಮೇಲಕ್ಕೆ ಬಂತು. ಟಿಕ್. ಆಮೇಲೆ ಒಂದರ ಗುಂಡಿ. ಟಿಕ್. ಆಮೇಲೆ ಚುಕ್ಕೆ... ಚುಕ್ಕೆ ಒತ್ತುವ ಮುಂಚೆ ಸ್ವಲ್ಪ ತಡ. ಸರಿ ಇದೆಯಾ ಅಂತ ನೋಡಿಕೊಳ್ಳುವವರು ಮಾಡುತ್ತಾರಲ್ಲ, ಅಷ್ಟು ತಡ.

ಅಕ್ಕನ ಎಡಗಿವಿಯ ಹಿಂದೆ ಗಾಳಿ ತಣ್ಣಗಾಯಿತು. ಫ್ಯಾನು ತಿರುಗುತ್ತಿರಲಿಲ್ಲ.

“ಯಾರು?” ಅಂದಳು.

ಕಿವಿಗೆ ಇಷ್ಟು ಹತ್ತಿರದಲ್ಲಿ ಒಂದು ಗಂಡಸಿನ ದನಿ. ಗದರಿಸುವ ದನಿಯಲ್ಲ. ದಣಿದ, ಮರ್ಯಾದೆಯ ದನಿ.

“ಈ ಕಾಗದ... ಇದರದ್ದೇ ತಾನೆ?”

ನೀವೇ ಹೇಳಿ, ಯಾರಾದರೂ ಹಾಗೆ ಕೇಳಿದರೆ ನಾವೇನು ಅನ್ನುತ್ತೇವೆ? ಹೂಂ ಅನ್ನುತ್ತೇವೆ. ದಿನಕ್ಕೆ ನೂರು ಸಲ ಅನ್ನುತ್ತೇವೆ, ತಲೆಯನ್ನೂ ಎತ್ತದೆ. ಅಕ್ಕನ ನಾಲಿಗೆಯ ತುದಿಗೂ ಆ ಹೂಂ ಬಂದಿತ್ತಂತೆ. ಯಾಕೋ ಗೊತ್ತಿಲ್ಲ, ತುಟಿ ಕಚ್ಚಿ ತಡೆದಳು.

“ನೋಡಿಲ್ಲ,” ಅಂದಳು. “ನಾನು ನೋಡಿಲ್ಲ.”

ಗುಂಡಿಗಳು ನಿಂತವು. ಹಿಂದೆ ಯಾರೋ ತಡೆದಿಟ್ಟಿದ್ದ ಉಸಿರನ್ನು ಉದ್ದಕ್ಕೆ ಬಿಟ್ಟ ಹಾಗೆ... ಹುಸ್ಸ್... ಅಂತ ಒಂದು ಸದ್ದು. ಆಮೇಲೆ ಏನೂ ಇಲ್ಲ.

ಎಷ್ಟು ಹೊತ್ತು ಹಾಗೇ ಕೂತಿದ್ದಳೋ. ಎದ್ದಾಗ ಕಾಲು ಜೋಮು ಹಿಡಿದಿತ್ತು. ಕಾಗದದ ಮೇಲ್ತುದಿಯಲ್ಲಿ ಸೆನ್ಸರಿನ ನಂಬರು ಅಚ್ಚಾಗಿತ್ತು, 4417. ಸೆನ್ಸರಿನ ಮೇಲಿನ ನಂಬರು? ಅದು ಟ್ಯಾಂಕಿನ ತಂತಿಗೆ ಕಟ್ಟಿದ ತಗಡಿನಲ್ಲಿ, ಕೆಳಗಿನ ಕೋಣೆಯಲ್ಲಿ. ನೋಡಬೇಕು ಅಂದರೆ ಇಳಿಯಬೇಕು.

ಮುಚ್ಚಳ ಹಾಕಿರುವ ತನಕ ಅಪಾಯವಿಲ್ಲ ಅಂತ ಅವಳಿಗೆ ಗೊತ್ತಿತ್ತು. ಬುದ್ಧಿಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಬಾಗಿಲು ಮುಚ್ಚಿಕೊಳ್ಳದ ಹಾಗೆ ಕುರ್ಚಿ ಅಡ್ಡ ಇಟ್ಟು, ಎಲ್ಲಾ ದೀಪ ಹಾಕಿ, ಎಂಟು ಮೆಟ್ಟಿಲು ಇಳಿದಳು. ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ಎಣಿಸಿದಳಂತೆ. ಟ್ಯಾಂಕು ದೊಡ್ಡ ಫ್ಲಾಸ್ಕಿನ ಥರ, ಹೊರಗಿಂದ ಮುಟ್ಟಿದರೆ ಒಳಗಿನದು ಗೊತ್ತೇ ಆಗುವುದಿಲ್ಲ. ಅದರ ಹಿಂದೆ, ಗೋಡೆಗೂ ಟ್ಯಾಂಕಿಗೂ ನಡುವೆ, ತಂತಿಯ ತುದಿಯಲ್ಲಿ ತಗಡು. ತೋಳು ತೂರಿಸಿ ಎಳೆದಳು. ಧೂಳು ಒರೆಸಿ, ಮೊಬೈಲಿನ ಬೆಳಕು ಹಿಡಿದಳು.

4471.

ಓಡಿ ಹತ್ತಿ ಬಂದಳು. ಸ್ಟೋರ್ ಮಾಮ ಬಾಗಿಲು ಹಾಕಿ ಹೊರಟಿದ್ದರು. ಅಕ್ಕನ ಮುಖ ನೋಡಿ, ಏನೂ ಕೇಳದೆ ಬೀಗ ತಿರುಗಿ ತೆಗೆದರು.

“ಮಾಮ, ನಾಲ್ಕು ನಾಲ್ಕು ಏಳು ಒಂದು. ಆ ನಂಬರಿನ ಕಾಗದ ಇದೆಯಾ?”

ಕಪಾಟಿನ ಕೆಳಗಿನ ಖಾನೆಯಲ್ಲಿತ್ತು. ಕಂದು ಬಣ್ಣದ ಲಕೋಟೆ, ಮೇಲೆ 4471. ಕಾರ್ಖಾನೆಯವರು ಅಂಟಿಸಿದ ಟೇಪು ಹಾಗೇ ಇತ್ತು. ಬಂದ ದಿನದಿಂದ ಅದನ್ನು ಯಾರೂ ಒಡೆದಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಯಾರೂ ಒಡೆದಿರಲಿಲ್ಲ. ಮಾಮ ಟೇಪು ಕತ್ತರಿಸಿದರು. ಚರ್ರ್ ಅಂತ ಸದ್ದಾಯಿತು. ಇನ್ನೂರು ಸಾಲಿನ ಕಾಗದ ಹೊರಗೆ ಬಂತು.

ಅಕ್ಕ ನೋಟ್‌ಬುಕ್ ಬಿಚ್ಚಿ, ಎಂಬತ್ತೈದರಿಂದ ಒಂದೊಂದೇ ಓದಿದಳು. ಮಾಮ ಕಾಗದದ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಇಳಿದರು.

“ಹೌದು,” ಅಂದರು.

“ಹೌದು.”

“ಹೌದು...”

ಏಳನೆಯ ಸಾಲಿಗೆ ಅವರ ದನಿ ಒಡೆಯಿತು. ಹನ್ನೆರಡನೆಯದಕ್ಕೆ ದನಿಯೇ ಇರಲಿಲ್ಲ, ತಲೆ ಮಾತ್ರ ಅಲ್ಲಾಡಿಸಿದರು. ಹನ್ನೆರಡೂ, ದಶಮಾಂಶದ ನಾಲ್ಕನೇ ಸ್ಥಾನದವರೆಗೆ, ಅದೇ. ಅಕ್ಕ ಕಾಗದ ತಿರುಗಿಸಿ ಕೆಳಗಿನ ಸಾಲುಗಳಲ್ಲಿ ನೂರಿಪ್ಪತ್ತೆಂಟು ಓಮ್ ಹುಡುಕಿದಳು. ಮೊದಲಿನ ಕಾಗದದಲ್ಲಿ ಇಪ್ಪತ್ತು ಡಿಗ್ರಿಯಾಗಿದ್ದದ್ದು ಈ ಕಾಗದದಲ್ಲಿ ಸೊನ್ನೆಗಿಂತ ನೂರ ತೊಂಬತ್ತಾರು ಕೆಳಗೆ.

ಮಾಮ ಸ್ಟೂಲಿನ ಮೇಲೆ ಕುಸಿದು ಕೂತರು.

“ಎರಡು ಡಬ್ಬಿ ಒಟ್ಟಿಗೆ ಬಂದಿತ್ತಮ್ಮ,” ಅಂದರು. “ನೋಡೋಕೆ ಅವಳಿ ಜವಳಿ. ಒಂದರ ಸೆನ್ಸರ್ ಟ್ಯಾಂಕಿಗೆ ಹಾಕೋರಿಗೆ ಕೊಟ್ಟೆ. ಇನ್ನೊಂದರ ಲಕೋಟೆ ಅವನಿಗೆ ಕೊಟ್ಟೆ. ಅವನಿಗೆ ಕೊಡೋ ಹೊತ್ತಿಗೆ ಟ್ಯಾಂಕು ತುಂಬಿಸಿಬಿಟ್ಟಿದ್ರು, ತಗಡು ಹಿಂದೆ ಸೇರ್ಕೊಂಡಿತ್ತು. ಅವನು ಬಂದ. ಇಲ್ಲೇ, ನೀನು ನಿಂತಿದ್ದೀಯಲ್ಲ, ಅಲ್ಲೇ ನಿಂತು ಕೇಳಿದ. ಮಾಮ, ಈ ಕಾಗದ ಇದರದ್ದೇ ತಾನೆ, ಅಂತ.”

ಆ ದನಿಯ ವಿಷಯ ಅಕ್ಕ ಇನ್ನೂ ಬಾಯೇ ಬಿಟ್ಟಿರಲಿಲ್ಲ.

“ನೀವೇನಂದ್ರಿ?”

“ಸಾಮಾನು ಲೆಕ್ಕ ಬರೀತಿದ್ದೆ. ಹೂಂ ಅಂದೆ... ನೋಡದೇ ಅಂದೆ ಕಣಮ್ಮ.”

“ಆಮೇಲೆ ಯಾಕೆ ಹೇಳ್ಲಿಲ್ಲ?”

“ಮೊದಲು ಗೊತ್ತೇ ಇರಲಿಲ್ಲ. ಆಮೇಲೆ ಅನುಮಾನ ಬಂತು. ಈ ಖಾನೆ ತೆಗೆದು ನೋಡಿದ್ರೆ ಗೊತ್ತಾಗಿಬಿಡುತ್ತೆ ಅಂತ... ಎರಡು ವರ್ಷದಿಂದ ಈ ಖಾನೆ ತೆಗೆದಿಲ್ಲ.”

ಅಕ್ಕ ಬೈಯಲಿಲ್ಲ. ಬೈಯಲಿಕ್ಕೆ ಆಗಲೂ ಇಲ್ಲವಂತೆ. ಆ ಹೂಂ ಅರ್ಧ ಗಂಟೆಯ ಹಿಂದೆ ಅವಳ ಬಾಯಲ್ಲೂ ಇತ್ತಲ್ಲ.

ಇಬ್ಬರೂ ಕೆಳಗೆ ಹೋದರು. ಟ್ಯಾಂಕಿಗೆ ದ್ರವ ತುಂಬಿಸಲು ಮೇಲೆ ಬೆರಳು ದಪ್ಪದ ಒಂದು ಕೊಳವೆ ಇರುತ್ತೆ. ಅದರ ಬಿರಡೆ ತೆಗೆದು ಅಕ್ಕ ಒಂದು ಉದ್ದನೆಯ ಮರದ ಕಡ್ಡಿ ಇಳಿಬಿಟ್ಟಳು. ಒಳಗಿಂದ ಕಾದ ಬಾಣಲೆಗೆ ನೀರು ಚಿಮುಕಿಸಿದ ಹಾಗೆ ಚುರ್ರ್ ಅಂತ ಸದ್ದು ಬಂತು. ಎಳೆದಾಗ ಕಡ್ಡಿಯ ಮುಕ್ಕಾಲು ಭಾಗ ಹಿಟ್ಟು ಬಳಿದಂತೆ ಬೆಳ್ಳಗೆ, ಅದರಿಂದ ಹೊಗೆ. ಟ್ಯಾಂಕು ಖಾಲಿ ಅಲ್ಲ, ಮುಕ್ಕಾಲು ತುಂಬಿತ್ತು. ಬಿರಡೆ ಹಾಕಿ, ಮೆಟ್ಟಿಲು ಹತ್ತಿ, ಬಾಗಿಲಿಗೆ ಎರಡು ಬೀಗ ಹಾಕಿದರು. ಮಾಮ ಅಕ್ಕನನ್ನು ಮನೆಯ ಬಾಗಿಲವರೆಗೆ ಬಿಟ್ಟುಹೋದರು.

ಶನಿವಾರ ಅಕ್ಕ ಬೆಳಕು ಹರಿಯುವ ಮುಂಚೆಯೇ ಹೋಗಿ ಕೂತಳು. 4471ರ ಕಾಗದ ಇಟ್ಟುಕೊಂಡು ಇನ್ನೂರು ಸಾಲು ಹಾಕಿದಳು. ಒಂದೂ ಬದಲಾಗಲಿಲ್ಲ. ಹತ್ತಕ್ಕೆ ದೊಡ್ಡ ಸಾರ್ ಬಂದಾಗ ಪರದೆಯ ಮೇಲೆ ಸೊನ್ನೆಗಿಂತ ನೂರ ತೊಂಬತ್ತೈದು ಪಾಯಿಂಟ್ ಎಂಟು ಕೆಳಗೆ ಅಂತಿತ್ತು. ಎರಡು ಕಾಗದ, ತಗಡಿನ ಫೋಟೋ, ಎಲ್ಲ ಅವರ ಮುಂದೆ ಇಟ್ಟಳು. ಗುಂಡಿಯ ವಿಷಯ, ದನಿಯ ವಿಷಯ ಹೇಳಲಿಲ್ಲ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಅವತ್ತಿನ ಮೀಟಿಂಗಿಗೆ ಬರುವುದಿಲ್ಲ ಅಂತ ಫೋನು ಮಾಡಿದರು. ನಾನು ಕೇಳಿದ ಹಾಗೆ, ಅವರು ಯಾವತ್ತೂ ಹಾಗೆ ಮಾಡಿದವರಲ್ಲ.

ವಿಚಾರಣೆಯ ಕಡತ ಮತ್ತೆ ತೆರೆಯಿತು. ಮಾಮ ತಾವೇ ಹೋಗಿ ಎಲ್ಲ ಹೇಳಿ ಸಹಿ ಹಾಕಿದರು. ‘ನಮೂದಿಸಿದವರ ತಪ್ಪು’ ಅಂತ ಇದ್ದದ್ದನ್ನು ಹೊಡೆದು, ‘ಕಾಗದ ಬೇರೆ ಸೆನ್ಸರಿನದು; ನಮೂದಿಸಿದವರ ತಪ್ಪಿಲ್ಲ’ ಅಂತ ಬರೆದರು. ಅದರ ಪ್ರತಿಯನ್ನು ದಶಮಾಂಶ ಅವರ ಮನೆಗೆ ಕೊಡಲು ಅಕ್ಕನೇ ಹೋದಳು. ಅವರ ಹೆಂಡತಿ ಬಟ್ಟೆ ಹೊಲಿಯುವವರು. ಮೆಷಿನ್ ನಿಲ್ಲಿಸಿ, ಕಾಗದವನ್ನು ಎರಡು ಸಲ ಓದಿ, ಮಡಿಚಿ, ಮಡಿಲಲ್ಲಿಟ್ಟುಕೊಂಡರು.

“ಮನೇಲಿ ಉಪ್ಪಿನ ಡಬ್ಬಿ ಮೇಲೂ ಚೀಟಿ ಅಂಟಿಸ್ತಿದ್ರು,” ಅಂದರು. “ಉಪ್ಪು ಅಂತ. ಕಣ್ಣಿಗೆ ಕಾಣುತ್ತಲ್ಲಾ ಅಂದ್ರೆ, ಸಕ್ಕರೆನೂ ಹಾಗೇ ಕಾಣುತ್ತಲ್ಲ ಅಂತಿದ್ರು. ಅವರು ತಪ್ಪು ಒತ್ತೋರಲ್ಲ. ನನಗೆ ಗೊತ್ತಿತ್ತು. ಯಾರು ಕೇಳ್ತಾರೆ?”

ಅಷ್ಟಕ್ಕೆ ಆ ಸದ್ದು ನಿಂತಿತು. ಮೀಟರಿನಲ್ಲಾಗಲಿ, ಬಾವಿಯಲ್ಲಾಗಲಿ, ದೊಡ್ಡಮ್ಮನ ಗೋಡೆಯ ಆಚೆಯಾಗಲಿ ಮತ್ತೆ ಯಾರಿಗೂ ಕೇಳಿಸಿಲ್ಲ. ಒಳ್ಳೆಯದಾಯಿತು, ಎಲ್ಲ ಮುಗಿಯಿತು ಅಂತ ನಾನೂ ಅಂದುಕೊಂಡಿದ್ದೆ.

ಹೋದ ತಿಂಗಳು ಅಕ್ಕನ ಮನೆಗೆ ಹೋಗಿದ್ದೆ. ಸ್ಟೋರ್ ಮಾಮ ಬಂದಿದ್ದರು. ಈಗ ಕೆಲಸ ಬಿಟ್ಟು ಮನೆಯಲ್ಲೇ ಇದ್ದಾರೆ. ದೊಡ್ಡಮ್ಮ ಚಹಾ ಕೊಟ್ಟರು, ಕುದಿಕುದಿ ಬಿಸಿ. ನಾನು ಲೋಟ ಹಿಡಿಯಲಾರದೆ ಕೆಳಗಿಟ್ಟೆ. ಮಾಮ ಮಾತ್ರ ತೋರುಬೆರಳನ್ನು ಲೋಟಕ್ಕೆ ಒತ್ತಿಕೊಂಡು ಆರಾಮವಾಗಿ ಕೂತಿದ್ದರು. ನಾನು ನೋಡುತ್ತಿರುವುದನ್ನು ನೋಡಿ ಬೆರಳು ಮುಂದೆ ಚಾಚಿದರು.

ಬಲಗೈಯ ತೋರುಬೆರಳು, ಅವತ್ತು ಆ ಕಾಗದದ ಮೇಲಿಟ್ಟು ಸಾಲು ಸಾಲಾಗಿ ಇಳಿದದ್ದು. ಮೊದಲ ಗೆಣ್ಣಿನವರೆಗೆ ಮೇಣದ ಹಾಗೆ ಬೆಳ್ಳಗೆ. ಉಗುರಿಗೂ ಬಣ್ಣವಿರಲಿಲ್ಲ.

“ಆ ಶನಿವಾರ ಬೆಳಿಗ್ಗೆ ಎದ್ದಾಗ ಹೀಗಿತ್ತು,” ಅಂದರು. “ಡಾಕ್ಟರು ನೋಡಿ, ಚಳಿ ಸುಟ್ಟ ಗಾಯ, ಯಾವುದೋ ತಣ್ಣನೇದನ್ನ ಬಹಳ ಹೊತ್ತು ಮುಟ್ಟಿದ್ದೀರಿ ಅಂದ್ರು. ನಾನು ಆ ಟ್ಯಾಂಕನ್ನಾಗಲಿ ಕಡ್ಡಿಯನ್ನಾಗಲಿ ಮುಟ್ಟೇ ಇಲ್ಲ. ನಿಮ್ಮಕ್ಕನನ್ನೇ ಕೇಳಿ.”

ಅಕ್ಕ ಇಲ್ಲ ಅಂತ ತಲೆ ಆಡಿಸಿದಳು.

ನಾನು ಆ ಬೆರಳು ಮುಟ್ಟಿ ನೋಡಿದೆ. ಆಗ ತಾನೇ ಬಿಸಿ ಲೋಟದಿಂದ ತೆಗೆದ ಬೆರಳು. ಇವೇ ನನ್ನ ಕೈಗಳು, ಇದರಲ್ಲೇ ಮುಟ್ಟಿದ್ದು... ತಣ್ಣಗಿತ್ತು.